ಟೊರೆಂಟ್‌ನ ಎನ್‌ಕ್ರಿಪ್ಷನ್ ಏನನ್ನು ಮುಚ್ಚುತ್ತದೆ, ಏನನ್ನು ಬಿಡುತ್ತದೆ: ಮೂರು ಊರುಗಳ ನಡುವಿನ ಕೆಲಸದ ದಾಖಲೆ

ಕಲಬುರಗಿಯಲ್ಲಿ ನಾನು, ಬೀದರಿನಲ್ಲಿ ಒಬ್ಬ ಗೆಳೆಯ, ಯಾದಗಿರಿಯಲ್ಲಿ ನಿವೃತ್ತ ಮಾಸ್ತರರೊಬ್ಬರು. ತತ್ವಪದ ಹಾಡುವ ಭಜನೆ ಮೇಳಗಳ ಧ್ವನಿಮುದ್ರಣ ಮಾಡಿ ಕೂಡಿಡುವುದು ನಾವು ಮೂವರೂ ಹಚ್ಚಿಕೊಂಡಿರುವ ಕೆಲಸ. ಕಡಕೋಳ ಮಡಿವಾಳಪ್ಪನವರ ಪದಗಳು, ಜಲಾಲಸಾಹೇಬರ ಪದಗಳು, ಬರೆದವರ ಹೆಸರೇ ಉಳಿಯದ ಎಷ್ಟೋ ಪದಗಳು ನಮ್ಮ ಹಳ್ಳಿಗಳಲ್ಲಿ ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಇಂದಿಗೂ ಕೇಳಿಸುತ್ತವೆ. ಮುದ್ರಿಸಿದ್ದು ಒಂದೇ ಡಿಸ್ಕಿನಲ್ಲಿ ಉಳಿದರೆ, ಆ ಡಿಸ್ಕು ಕೆಟ್ಟ ದಿನ ಹಾಡೂ ಹೋಗುತ್ತದೆ. ಹಾಗಾಗಿ ಮೂರು ಊರುಗಳಲ್ಲೂ ಒಂದೊಂದು ಪ್ರತಿ ತಾನಾಗಿಯೇ ಸೇರುವಂತೆ ಬಿಟ್‌ಟೊರೆಂಟ್ ಜಾಲ ಕಟ್ಟಿದೆವು. ಕಡತವನ್ನು ತುಂಡುಗಳಾಗಿ ಒಡೆದು ಕಂಪ್ಯೂಟರಿನಿಂದ ಕಂಪ್ಯೂಟರಿಗೆ ನೇರವಾಗಿ ಸಾಗಿಸುವ ವಿಧಾನ ಅದು. ಹೆಚ್ಚು ಸಮಯ ತೆಗೆದುಕೊಂಡದ್ದು ಎನ್‌ಕ್ರಿಪ್ಷನ್ (ಸಾಗುವ ದತ್ತಾಂಶವನ್ನು ಬೇರೆಯವರು ಓದಲಾಗದಂತೆ ಮುಚ್ಚುವುದು) ಎಂಬ ಒಂದೇ ಸೆಟ್ಟಿಂಗ್. ಅದು ಯಾವುದನ್ನು ಕಾಯುತ್ತದೆ, ಯಾವುದನ್ನು ಕಾಯುವುದಿಲ್ಲ ಎಂಬುದು ತಂತಿಯ ಮೇಲೆ ಹರಿಯುವುದನ್ನು ಕಣ್ಣಾರೆ ನೋಡಿದ ಮೇಲಷ್ಟೇ ಸ್ಪಷ್ಟವಾಯಿತು. ಇಂಥದೇ ಸಂಗ್ರಹ ಇಟ್ಟುಕೊಂಡವರಿಗೆ ಉಪಯೋಗವಾಗಲಿ ಎಂದು ಹಂತ ಹಂತವಾಗಿ ಬರೆದಿಡುತ್ತಿದ್ದೇನೆ.

ಹಂತ 1: ಸಾಮಾನು ಮತ್ತು ಖರ್ಚು

ನಮ್ಮ ಮುದ್ರಣ 48 ಕಿಲೋಹರ್ಟ್ಸ್, 24 ಬಿಟ್, ಸ್ಟೀರಿಯೊ. ಈ ಲೆಕ್ಕದಲ್ಲಿ ವೇವ್ ಕಡತ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಅಮಾವಾಸ್ಯೆಯ ರಾತ್ರಿ ಭಜನೆ ಆರು ಗಂಟೆ ನಡೆದರೆ ಆರು ಜಿಬಿ ದಾಟುತ್ತದೆ. ಮೊದಲು ಬೀದರಿಗೆ ಹೋಗುವವರ ಕೈಯಲ್ಲಿ ಪೆನ್‌ಡ್ರೈವ್ ಕಳುಹಿಸುತ್ತಿದ್ದೆವು. ಅಂಗಡಿಯಿಂದ ಬಂದ ಪೆನ್‌ಡ್ರೈವ್‌ಗಳು ಫ್ಯಾಟ್32 ವಿನ್ಯಾಸದಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಒಂದು ಕಡತವನ್ನು ತೆಗೆದುಕೊಳ್ಳುವುದೇ ಇಲ್ಲ. ಉಚಿತ ಕ್ಲೌಡ್ ಜಾಗ ಒಂದೆರಡು ಮೇಳಗಳಿಗೇ ತುಂಬಿತು.

ಟೊರೆಂಟ್ ಆಯ್ದುಕೊಂಡದ್ದಕ್ಕೆ ಕಾರಣ ನೇರವಾದದ್ದು. ಕರೆಂಟು ಹೋಗಿ ಅರ್ಧಕ್ಕೆ ನಿಂತರೂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಪ್ರತಿ ತುಂಡಿನ ಹ್ಯಾಶ್ (ಒಳಗಿನದರಿಂದ ಲೆಕ್ಕಹಾಕಿದ, ಬೆರಳಚ್ಚಿನಂಥ ಗುರುತು) ಹೋಲಿಸಿ ನೋಡುವುದರಿಂದ, ದಾರಿಯಲ್ಲಿ ಕೆಟ್ಟ ತುಂಡು ಸಂಗ್ರಹದೊಳಗೆ ನುಸುಳುವುದಿಲ್ಲ.

ನನ್ನ ಕಡೆ 4 ಜಿಬಿ ರ್‍ಯಾಮ್‌ನ ಹಳೆಯ ಲ್ಯಾಪ್‌ಟಾಪ್, ಅದರಲ್ಲಿ ಡೆಬಿಯನ್ ಲಿನಕ್ಸ್ ಮತ್ತು ಟ್ರಾನ್ಸ್‌ಮಿಷನ್ ಎಂಬ ಟೊರೆಂಟ್ ತಂತ್ರಾಂಶ. ಸೂಪರ್ ಮಾರ್ಕೆಟ್ ಭಾಗದ ಅಂಗಡಿಯಲ್ಲಿ 2 ಟಿಬಿ ಹೊರಡಿಸ್ಕು 6,200 ರೂಪಾಯಿ, ರೌಟರ್‌ಗೆ 12 ವೋಲ್ಟ್‌ನ ಚಿಕ್ಕ ಯುಪಿಎಸ್ 1,350 ರೂಪಾಯಿ. ಲ್ಯಾಪ್‌ಟಾಪ್‌ಗೆ ಅದರ ಬ್ಯಾಟರಿಯೇ ಯುಪಿಎಸ್. ಬೇಸಿಗೆಯಲ್ಲಿ ನಮ್ಮೂರಿನ ಬಿಸಿಲು ಯಂತ್ರಕ್ಕೂ ತಟ್ಟುತ್ತದೆ. ಅಟ್ಟದ ಮೇಲಿಟ್ಟಾಗ ಫ್ಯಾನು ಬಿಡುವಿಲ್ಲದೆ ಕೂಗುತ್ತಿತ್ತು. ಅಡುಗೆಮನೆಯ ಹಿಂದಿನ ಶಹಾಬಾದ್ ಕಲ್ಲಿನ ಗೂಡಿಗೆ ಸರಿಸಿದ ಮೇಲೆ ತಣ್ಣಗಾಯಿತು. ಬೀದರಿನ ಗೆಳೆಯನದು ವಿಂಡೋಸ್ ಡೆಸ್ಕ್‌ಟಾಪ್, ಅದರಲ್ಲಿ ಕ್ಯೂಬಿಟ್‌ಟೊರೆಂಟ್. ಮಾಸ್ತರರ ಲಿನಕ್ಸ್ ಯಂತ್ರದಲ್ಲಿ ಅವರ ಮಗ ಮೊದಲೇ ಡೆಲ್ಯೂಜ್ ಹಾಕಿಟ್ಟಿದ್ದ. ತಂತ್ರಾಂಶಗಳೆಲ್ಲ ಮುಕ್ತ, ಅವುಗಳಿಗೆ ಖರ್ಚಿಲ್ಲ.

ಹಂತ 2: ಮೂರು ತಂತ್ರಾಂಶ, ಮೂರು ಭಾಷೆ

ಒಂದೇ ಸೌಲಭ್ಯಕ್ಕೆ ಮೂರು ತಂತ್ರಾಂಶಗಳೂ ಬೇರೆ ಬೇರೆ ಹೆಸರಿಟ್ಟಿವೆ. ಫೋನಿನಲ್ಲಿ ಮಾತಾಡಿಕೊಂಡು ಹೊಂದಿಸುವಾಗ ಗೊಂದಲ ಹುಟ್ಟುವುದು ಇಲ್ಲೇ.

ಕ್ಯೂಬಿಟ್‌ಟೊರೆಂಟ್‌ನಲ್ಲಿ ಟೂಲ್ಸ್, ಆಪ್ಷನ್ಸ್, ಬಿಟ್‌ಟೊರೆಂಟ್ ಎಂಬ ದಾರಿಯಲ್ಲಿ ಹೋದರೆ ‘ಎನ್‌ಕ್ರಿಪ್ಷನ್ ಮೋಡ್’ ಸಿಗುತ್ತದೆ. ಅಲ್ಲಿ ಮೂರು ಆಯ್ಕೆ: ಅಲೌ, ರಿಕ್ವೈರ್, ಡಿಸೇಬಲ್. ‘ಅಲೌ’ ಇಟ್ಟರೆ ಮುಚ್ಚಿದ ಸಂಪರ್ಕವೂ ಆಗುತ್ತದೆ, ಅದು ಸಾಧ್ಯವಾಗದಿದ್ದರೆ ತೆರೆದ ಸಂಪರ್ಕವೂ ಆಗುತ್ತದೆ. ‘ರಿಕ್ವೈರ್’ ಇಟ್ಟರೆ ಮುಚ್ಚಿದ್ದನ್ನು ಬಿಟ್ಟು ಬೇರೆ ಯಾವುದನ್ನೂ ಒಪ್ಪುವುದಿಲ್ಲ.

ಟ್ರಾನ್ಸ್‌ಮಿಷನ್‌ನಲ್ಲಿ ಇದು ಸೆಟ್ಟಿಂಗ್ಸ್ ಕಡತದ ‘ಎನ್‌ಕ್ರಿಪ್ಷನ್’ ಸಾಲಿನ ಒಂದು ಅಂಕಿ. 0 ಎಂದರೆ ತೆರೆದದ್ದಕ್ಕೆ ಆದ್ಯತೆ, 1 ಎಂದರೆ ಮುಚ್ಚಿದ್ದಕ್ಕೆ ಆದ್ಯತೆ, 2 ಎಂದರೆ ಮುಚ್ಚಿದ್ದು ಕಡ್ಡಾಯ. ಮೊದಲಿಗೆ ಇರುವುದು 1. ಪೂರ್ತಿ ನಿಲ್ಲಿಸುವ ಆಯ್ಕೆ ಇಲ್ಲ. ಈ ಕಡತವನ್ನು ತಿದ್ದುವ ಮುನ್ನ ಟ್ರಾನ್ಸ್‌ಮಿಷನ್ ಸೇವೆಯನ್ನು ನಿಲ್ಲಿಸಲೇಬೇಕು. ಅದು ಓಡುತ್ತಿರುವಾಗ ತಿದ್ದಿದರೆ, ನಿಲ್ಲುವ ಹೊತ್ತಿಗೆ ತನ್ನ ಹಳೆಯ ಮೌಲ್ಯಗಳನ್ನೇ ಕಡತಕ್ಕೆ ಮರಳಿ ಬರೆಯುತ್ತದೆ, ತಿದ್ದಿದ್ದು ಅಳಿಸಿಹೋಗುತ್ತದೆ.

ಡೆಲ್ಯೂಜ್‌ನಲ್ಲಿ ಒಂದರ ಬದಲು ಮೂರು ಪೆಟ್ಟಿಗೆ. ಒಳಬರುವ ಸಂಪರ್ಕಕ್ಕೆ ‘ಇನ್‌ಬೌಂಡ್’, ಹೊರಹೋಗುವ ಸಂಪರ್ಕಕ್ಕೆ ‘ಔಟ್‌ಬೌಂಡ್’. ಇವೆರಡಕ್ಕೂ ಫೋರ್ಸ್ಡ್, ಎನೇಬಲ್ಡ್, ಡಿಸೇಬಲ್ಡ್ ಎಂಬ ಆಯ್ಕೆಗಳು. ಮೂರನೆಯದು ‘ಲೆವೆಲ್’: ಹ್ಯಾಂಡ್‌ಶೇಕ್ ಮಾತ್ರ ಮುಚ್ಚಬೇಕೋ, ಹರಿವೆಲ್ಲ ಮುಚ್ಚಬೇಕೋ, ಎರಡರಲ್ಲಿ ಯಾವುದಾದರೂ ಆದೀತೋ ಎಂಬುದು. ನಾವು ‘ಫುಲ್ ಸ್ಟ್ರೀಮ್’ ಆಯ್ದೆವು. ಮೊದಲ ಪರಿಚಯವನ್ನಷ್ಟೇ ಮುಚ್ಚಿ ಒಳಗಿನ ಹಾಡನ್ನು ತೆರೆದು ಕಳುಹಿಸುವುದರಲ್ಲಿ ನಮಗೆ ಅರ್ಥ ಕಾಣಲಿಲ್ಲ.

ಹಂತ 3: ಯಾದಗಿರಿ ಸೇರಲಿಲ್ಲ

ಮೊದಲ ಪ್ರಯೋಗಕ್ಕೆ, ಯಾರು ಬೇಕಾದರೂ ಕೇಳಲಿ ಎಂದು ಮೇಳದವರೇ ಒಪ್ಪಿ ಕೊಟ್ಟಿದ್ದ ಹಾಡುಗಳನ್ನು ಆರಿಸಿದೆವು. ಯಾರ ಬಳಿ ಏನಿದೆ ಎಂದು ತಿಳಿಸುವ ಟ್ರ್ಯಾಕರ್ ಸರ್ವರ್ ಇಟ್ಟುಕೊಳ್ಳಲಿಲ್ಲ, ಪೀರ್‌ಗಳು (ಟೊರೆಂಟ್ ಹಂಚಿಕೊಳ್ಳುವ ಯಂತ್ರಗಳು) ಪರಸ್ಪರರನ್ನು ಹುಡುಕಿಕೊಳ್ಳಲು ಡಿಎಚ್‌ಟಿ (ಪೀರ್‌ಗಳೆಲ್ಲ ಸೇರಿ ಹಂಚಿಕೊಂಡು ಇಟ್ಟುಕೊಳ್ಳುವ ವಿಳಾಸಪಟ್ಟಿ) ಸಾಕು ಎಂದುಕೊಂಡೆವು. ಕಲಬುರಗಿಯಲ್ಲಿ 2, ಬೀದರಿನಲ್ಲಿ ರಿಕ್ವೈರ್. ಕಲಬುರಗಿ ಮತ್ತು ಬೀದರ್ ಹತ್ತು ನಿಮಿಷದೊಳಗೆ ಸೇರಿದವು. ಯಾದಗಿರಿಯ ಯಂತ್ರ ಮಾತ್ರ ಸೊನ್ನೆ ಪೀರ್ ತೋರಿಸುತ್ತಲೇ ಇತ್ತು.

ಇಲ್ಲಿ ಎರಡು ರೋಗಗಳು ಒಂದೇ ಲಕ್ಷಣ ತೋರಿಸುತ್ತಿದ್ದವು. ಅವನ್ನು ಬಿಡಿಸಿ ನೋಡುವುದೇ ಈ ಹಂತದ ನಿಜವಾದ ಕೆಲಸ.

ಮೊದಲನೆಯದು ವಿಳಾಸದ್ದು. ನನ್ನ ರೌಟರ್‌ನ ಹೊರಬದಿಯ ಐಪಿ ವಿಳಾಸ 100.64ರಿಂದ 100.127ರವರೆಗಿನ ಸಾಲಿನಲ್ಲಿತ್ತು. ಈ ಸಾಲನ್ನು ಸೇವಾದಾರರು ಹಲವು ಗ್ರಾಹಕರನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸಲು ಬಳಸುತ್ತಾರೆ. ಹೀಗಿದ್ದಾಗ ನಮ್ಮ ರೌಟರ್‌ನಲ್ಲಿ ಎಷ್ಟೇ ಪೋರ್ಟ್ (ಹೊರಗಿನ ಸಂಪರ್ಕ ಒಳಬರುವ ಬಾಗಿಲು) ತೆರೆದರೂ ಹೊರಗಿನವರು ಒಳಗೆ ಬರಲಾರರು. ನಾವು ಹೊರಗೆ ಹೋಗಬಹುದು ಅಷ್ಟೆ. ಮೊಬೈಲ್ ಡೇಟಾ ರೌಟರ್ ಬಳಸುವ ಮಾಸ್ತರರ ಸ್ಥಿತಿಯೂ ಅದೇ. ಬೀದರಿನಲ್ಲಿ ಮಾತ್ರ ಸಾರ್ವಜನಿಕ ವಿಳಾಸವಿತ್ತು, ಪೋರ್ಟ್ ತೆರೆಯಲು ಬಂತು. ಅಂದರೆ ಕಲಬುರಗಿ ಮತ್ತು ಯಾದಗಿರಿ ಒಂದನ್ನೊಂದು ಎಂದೂ ನೇರವಾಗಿ ಮುಟ್ಟಲಾರವು, ಎರಡೂ ಬೀದರಿಗೇ ಹೋಗಬೇಕು. ಎನ್‌ಕ್ರಿಪ್ಷನ್ ಆಯ್ಕೆಯನ್ನು ಹೇಗೆ ತಿರುಗಿಸಿದರೂ ಇದು ಬದಲಾಗುವುದಿಲ್ಲ. ಸೊನ್ನೆ ಪೀರ್ ಕಂಡ ಕೂಡಲೇ ಎನ್‌ಕ್ರಿಪ್ಷನ್ ತೆಗೆದುಹಾಕಿ ಎಂದು ಸಲಹೆ ಕೊಡುವವರು ಬಹಳ. ಮೊದಲು ರೌಟರ್‌ನ ಹೊರವಿಳಾಸ ನೋಡಿರಿ ಎಂದು ನಾನು ಹೇಳುತ್ತೇನೆ.

ಆದರೆ ಯಾದಗಿರಿಯಿಂದ ಬೀದರಿಗೆ ದಾರಿ ತೆರೆದೇ ಇತ್ತಲ್ಲ. ಅದೇಕೆ ಸೇರಲಿಲ್ಲ? ಫೋನ್ ಹಚ್ಚಿದೆ.

“ಮಾಸ್ತರೇ, ಔಟ್‌ಬೌಂಡ್ ಎದುರಿಗೆ ಏನು ಬರೆದಿದೆ, ಓದಿ ಹೇಳುತ್ತೀರಾ?”

“ಡಿಸೇಬಲ್ಡ್ ಎಂದಿದೆಯಪ್ಪಾ. ಹೀಗಿಟ್ಟರೆ ವೇಗ ಹೆಚ್ಚು ಎಂದು ಹುಡುಗ ಮಾಡಿಟ್ಟಿದ್ದಾನೆ.”

ಅಲ್ಲಿಗೆ ಎರಡನೆಯ ರೋಗ ಸಿಕ್ಕಿತು. ಯಾದಗಿರಿ ತೆರೆದ ಸಂಪರ್ಕವನ್ನು ಬಿಟ್ಟು ಬೇರೇನನ್ನೂ ಕಳುಹಿಸುವುದಿಲ್ಲ, ಬೀದರ್ ಮುಚ್ಚಿದ್ದನ್ನು ಬಿಟ್ಟು ಬೇರೇನನ್ನೂ ಒಪ್ಪುವುದಿಲ್ಲ. ತಂತ್ರಾಂಶ ಯಾವ ತಪ್ಪು ಸಂದೇಶವನ್ನೂ ತೋರಿಸುವುದಿಲ್ಲ. ಸಂಪರ್ಕ ಸುಮ್ಮನೆ ಕಡಿದುಹೋಗುತ್ತದೆ. ಖಾತ್ರಿಗಾಗಿ ಯಾದಗಿರಿಯನ್ನು ಹಾಗೆಯೇ ಬಿಟ್ಟು, ಬೀದರಿನಲ್ಲಿ ಮಾತ್ರ ರಿಕ್ವೈರ್ ತೆಗೆದು ಅಲೌ ಇಟ್ಟೆವು. ತುಸು ಹೊತ್ತಿನಲ್ಲೇ ಯಾದಗಿರಿ ಪಟ್ಟಿಯಲ್ಲಿ ಬಂತು, ಇಳಿಕೆ ಶುರುವಾಯಿತು. ಆಮೇಲೆ ಡೆಲ್ಯೂಜ್‌ನ ಎರಡೂ ಪೆಟ್ಟಿಗೆಗಳನ್ನು ಎನೇಬಲ್ಡ್ ಮಾಡಿಸಿ, ಬೀದರನ್ನು ಮತ್ತೆ ರಿಕ್ವೈರ್‌ಗೆ ತಂದೆವು. ಆಗಲೂ ಸಂಪರ್ಕ ಉಳಿಯಿತು. ಒಳಬರುವ ದಾರಿಯೇ ಇಲ್ಲದ ಯಂತ್ರದಲ್ಲಿ ಇನ್‌ಬೌಂಡ್ ಪೆಟ್ಟಿಗೆ ಹೇಗಿದ್ದರೂ ನಡೆಯುತ್ತದೆ, ಔಟ್‌ಬೌಂಡ್ ಒಂದೇ ನಿರ್ಣಾಯಕ. ಡೆಲ್ಯೂಜ್ ಇವೆರಡನ್ನೂ ಬೇರೆ ಮಾಡಿಟ್ಟಿರುವುದರ ಉಪಯೋಗ ಇಲ್ಲಿ ಗೊತ್ತಾಯಿತು.

ಸಂಪರ್ಕ ನಿಜವಾಗಿ ಮುಚ್ಚಿದೆಯೇ ಎಂದು ನೋಡುವುದು ಕ್ಯೂಬಿಟ್‌ಟೊರೆಂಟ್‌ನಲ್ಲಿ ಸುಲಭ. ಪೀರ್ ಪಟ್ಟಿಯ ‘ಫ್ಲ್ಯಾಗ್ಸ್’ ಕಾಲಂನಲ್ಲಿ ಇಂಗ್ಲಿಷಿನ ದೊಡ್ಡ ‘ಇ’ ಇದ್ದರೆ ಹರಿವೆಲ್ಲ ಮುಚ್ಚಿದೆ, ಸಣ್ಣ ‘ಇ’ ಇದ್ದರೆ ಹ್ಯಾಂಡ್‌ಶೇಕ್ ಮಾತ್ರ. ‘ಎಚ್’ ಎಂದರೆ ಆ ಪೀರ್ ಡಿಎಚ್‌ಟಿಯಿಂದ ಸಿಕ್ಕಿದ್ದು, ‘ಪಿ’ ಎಂದರೆ ಸಂಪರ್ಕ ಯುಟಿಪಿ (ಸಾಮಾನ್ಯ ಸಾಗಣೆ ವಿಧಾನವಾದ ಟಿಸಿಪಿಗೆ ಬದಲಾಗಿ ಟೊರೆಂಟ್ ಬಳಸುವ ವಿಧಾನ) ಮೂಲಕ ನಡೆದಿದೆ.

ವೇಗದ ಮಾತನ್ನೂ ಅಳೆದು ನೋಡಿದೆ, ಏಕೆಂದರೆ ಹುಡುಗನಿಗೆ ಉತ್ತರ ಕೊಡಬೇಕಿತ್ತು. ಕಲಬುರಗಿಯಿಂದ ಬೀದರಿಗೆ ತೆರೆದ ಸಂಪರ್ಕದಲ್ಲೂ ಮುಚ್ಚಿದ ಸಂಪರ್ಕದಲ್ಲೂ ಸೆಕೆಂಡಿಗೆ 2.8 ಎಂಬಿ ಆಸುಪಾಸಿನಲ್ಲೇ ಏರಿಕೆ ನಡೆಯಿತು. ಇಕ್ಕಟ್ಟು ಇರುವುದು ನನ್ನ ಅಪ್‌ಲೋಡ್ ಮಿತಿಯಲ್ಲಿ. ಇಲ್ಲಿ ಬಳಕೆಯಾಗುವ ಆರ್‌ಸಿ4 ಬಹಳ ಹಗುರವಾದ ಎನ್‌ಕ್ರಿಪ್ಷನ್ ವಿಧಾನ. ಹಳೆಯ ಲ್ಯಾಪ್‌ಟಾಪ್‌ನ ಪ್ರೊಸೆಸರ್‌ಗೂ ಅದು ಭಾರವಾಗಲಿಲ್ಲ.

ಹಂತ 4: ತಂತಿಯ ಮೇಲೆ ಏನು ಕಾಣುತ್ತದೆ

ಹರಿಯುವ ಪ್ಯಾಕೆಟ್‌ಗಳನ್ನು ಹಿಡಿದಿಡುವ ಟಿಸಿಪಿಡಂಪ್ ಅನ್ನು ಲ್ಯಾಪ್‌ಟಾಪ್‌ನಲ್ಲಿ ಓಡಿಸಿ, ಸಿಕ್ಕ ಕಡತವನ್ನು ಇನ್ನೊಂದು ಕಂಪ್ಯೂಟರ್‌ನಲ್ಲಿ, ಪ್ಯಾಕೆಟ್‌ಗಳನ್ನು ಬಿಡಿಸಿ ತೋರಿಸುವ ವೈರ್‌ಶಾರ್ಕ್‌ನಲ್ಲಿ ತೆರೆದೆ. ಪರೀಕ್ಷೆ ಸರಳವಾಗಿರಲಿ ಎಂದು ಯುಟಿಪಿ ನಿಲ್ಲಿಸಿ ಟಿಸಿಪಿ ಒಂದನ್ನೇ ಉಳಿಸಿದೆ.

ಮೊದಲು ನನ್ನ ಕಡೆ 0, ಬೀದರಿನಲ್ಲಿ ಅಲೌ. ಮೊದಲ ಪ್ಯಾಕೆಟ್‌ನಲ್ಲೇ ಎಲ್ಲವೂ ಬಯಲಾಗಿತ್ತು. 19 ಎಂಬ ಬೆಲೆಯ ಒಂದು ಬೈಟ್, ಅದರ ಹಿಂದೆ ‘ಬಿಟ್‌ಟೊರೆಂಟ್ ಪ್ರೊಟೊಕಾಲ್’ ಎಂಬ 19 ಅಕ್ಷರ, ಕಾದಿರಿಸಿದ 8 ಬೈಟ್, ಟೊರೆಂಟ್‌ನ ಗುರುತಾದ 20 ಬೈಟ್‌ನ ಇನ್ಫೊ ಹ್ಯಾಶ್, ಕೊನೆಗೆ 20 ಬೈಟ್‌ನ ಪೀರ್ ಗುರುತು. ಒಟ್ಟು 68 ಬೈಟ್. ಸ್ವಲ್ಪ ಮುಂದೆ ಫ್ಲ್ಯಾಕ್ (ಗುಣ ಕೆಡದಂತೆ ಕುಗ್ಗಿಸಿದ ಧ್ವನಿ) ಕಡತದ ಆರಂಭದ ನಾಲ್ಕು ಅಕ್ಷರಗಳು ಕಂಡವು. ಸ್ಟ್ರೀಮ್ ತೋರಿಸುವ ಕಿಟಕಿಯಲ್ಲಿ ಯುಟಿಎಫ್-8 ಆಯ್ದಾಗ, ಕಡತದ ಟ್ಯಾಗ್‌ನಲ್ಲಿ ನಾವೇ ತುಂಬಿದ್ದ ಹಾಡುಗಾರರ ಹೆಸರು ಮತ್ತು ಊರು ಕನ್ನಡ ಅಕ್ಷರಗಳಲ್ಲೇ ಓದಲು ಬಂದವು. ದಾರಿಯಲ್ಲಿರುವ ಯಾವ ರೌಟರ್ ಕೂಡ ಇದನ್ನು ಹೀಗೆಯೇ ಓದಬಲ್ಲದು. ಆ ಹೆಸರನ್ನು ಪರದೆಯ ಮೇಲೆ ನೋಡಿದಾಗ, ತೆರೆದ ಸಂಪರ್ಕ ಇನ್ನು ಸಾಕು ಎನಿಸಿತು.

ಆಮೇಲೆ ಎರಡೂ ಕಡೆ ಕಡ್ಡಾಯ. ಈಗ ವೈರ್‌ಶಾರ್ಕ್‌ಗೆ ಇದು ಬಿಟ್‌ಟೊರೆಂಟ್ ಎಂದೇ ಗೊತ್ತಾಗಲಿಲ್ಲ. ಬರಿಯ ಟಿಸಿಪಿ ದತ್ತಾಂಶ ಎಂದು ತೋರಿಸಿತು. ಎರಡೂ ಯಂತ್ರಗಳು ಮೊದಲು 96 ಬೈಟ್‌ನ ಡಿಫಿ-ಹೆಲ್‌ಮನ್ (ಕದ್ದು ಕೇಳುವವರಿಗೆ ತಿಳಿಯದಂತೆ ಇಬ್ಬರೂ ಒಂದೇ ಗುಟ್ಟಿನ ಕೀಲಿ ಕಟ್ಟಿಕೊಳ್ಳುವ ವಿಧಾನ) ಸಾರ್ವಜನಿಕ ಕೀಲಿಗಳನ್ನು ಬದಲಾಯಿಸಿಕೊಳ್ಳುತ್ತವೆ. ಪ್ರತಿ ಕೀಲಿಯ ಹಿಂದೆ 0ಯಿಂದ 512 ಬೈಟ್‌ವರೆಗೆ ಅಡ್ಡಾದಿಡ್ಡಿ ತುಂಬುವಿಕೆ ಇರುತ್ತದೆ, ಹೀಗಾಗಿ ಪ್ಯಾಕೆಟ್‌ನ ಉದ್ದದಿಂದಲೂ ಗುರುತು ಹಿಡಿಯುವುದು ಕಷ್ಟ. ಮುಂದಿನದೆಲ್ಲ ಆರ್‌ಸಿ4. ಹೆಸರಿಲ್ಲ, ಊರಿಲ್ಲ, ಫ್ಲ್ಯಾಕ್ ಇಲ್ಲ.

ಈ ವ್ಯವಸ್ಥೆ ಹುಟ್ಟಿದ್ದೇ ಸೇವಾದಾರರು ಟೊರೆಂಟ್ ಸಂಚಾರವನ್ನು ಗುರುತು ಹಿಡಿದು ತಡೆಯುತ್ತಿದ್ದ ಕಾಲದಲ್ಲಿ. ಅಜ್ಯೂರಿಯಸ್ ಮತ್ತು ಮ್ಯೂಟೊರೆಂಟ್ ತಂತ್ರಾಂಶಗಳಿಗೆ ಇದು 2006ರ ಸುಮಾರಿಗೆ ಬಂತು. ಅಮೆರಿಕದ ಕಾಮ್‌ಕಾಸ್ಟ್ ಕಂಪನಿ ನಕಲಿ ಟಿಸಿಪಿ ಪ್ಯಾಕೆಟ್ ಕಳುಹಿಸಿ ಟೊರೆಂಟ್ ಸಂಪರ್ಕಗಳನ್ನು ಕಡಿಯುತ್ತಿದ್ದದ್ದು 2007ರಲ್ಲಿ ಬೆಳಕಿಗೆ ಬಂದು, 2008ರಲ್ಲಿ ಅಲ್ಲಿನ ಸಂವಹನ ಆಯೋಗ ಅದರ ವಿರುದ್ಧ ಆದೇಶ ಹೊರಡಿಸಿತು. ಸಂಚಾರದ ಮುಖ ಮರೆಸುವುದು ಇದರ ಉದ್ದೇಶ. ಗುಟ್ಟು ಕಾಯಲು ಕಟ್ಟಿದ ಬೀಗ ಇದಲ್ಲ. ಆರ್‌ಸಿ4ರ ದೌರ್ಬಲ್ಯಗಳ ಕಾರಣ ವೆಬ್‌ಸೈಟುಗಳ ಸಂಪರ್ಕ ಕಾಯುವ ಟಿಎಲ್‌ಎಸ್‌ನಲ್ಲಿ ಅದನ್ನು 2015ರಲ್ಲೇ ನಿಷೇಧಿಸಿದ್ದಾರೆ.

ಇನ್ನೊಂದು ಅಂಶವನ್ನು ವೈರ್‌ಶಾರ್ಕ್ ತಾನಾಗಿಯೇ ಎತ್ತಿ ತೋರಿಸಿತು. ಎಲ್ಲ ಕಡೆ ಕಡ್ಡಾಯವಿದ್ದಾಗಲೂ ಯುಡಿಪಿ (ಟಿಸಿಪಿಯಲ್ಲದ ಇನ್ನೊಂದು ಸಾಗಣೆ ವಿಧಾನ) ಸಾಲುಗಳಲ್ಲಿ ಡಿಎಚ್‌ಟಿ ಸಂದೇಶಗಳು ತೆರೆದೇ ಹರಿಯುತ್ತಿದ್ದವು. ‘ಈ ಇನ್ಫೊ ಹ್ಯಾಶ್ ಯಾರ ಬಳಿ ಇದೆ’ ಎಂಬ ಪ್ರಶ್ನೆ, ಆ 20 ಬೈಟ್ ಸಮೇತ, ಎಲ್ಲರೂ ಓದುವಂತಿತ್ತು. ಡಿಎಚ್‌ಟಿಗೆ ಎನ್‌ಕ್ರಿಪ್ಷನ್ ಸೆಟ್ಟಿಂಗ್ ಅನ್ವಯವೇ ಆಗುವುದಿಲ್ಲ. ಪೀರ್‌ಗಳ ನಡುವಿನ ಕೀಲಿ ತಯಾರಾಗುವಾಗ ಇದೇ ಇನ್ಫೊ ಹ್ಯಾಶ್ ಅನ್ನು ಗುಟ್ಟಿನ ಪದವೆಂದು ಬೆರೆಸುತ್ತಾರೆ. ಸುಮ್ಮನೆ ಕದ್ದು ಕೇಳುವವರಿಗೆ ಆ ಹ್ಯಾಶ್ ಗೊತ್ತಾದ ಮಾತ್ರಕ್ಕೆ ಹರಿವು ತೆರೆಯುವುದಿಲ್ಲ. ಆದರೆ ನಡುವೆ ನಿಂತು ಎರಡೂ ಕಡೆಗೆ ತಾನೇ ಪೀರ್ ಎಂದು ನಟಿಸುವವನಿಗೆ ಅಷ್ಟೇ ಸಾಕು.

ಹಂತ 5: ಮುಚ್ಚಿದ ಸಂಪರ್ಕದಲ್ಲಿ ಅಪರಿಚಿತರು

ಮರುದಿನ ಬೀದರಿನ ಗೆಳೆಯ ಪೀರ್ ಪಟ್ಟಿಯ ಚಿತ್ರ ಕಳುಹಿಸಿದ. ನಮ್ಮ ಮೂವರಿಗೂ ಸಂಬಂಧವಿಲ್ಲದ ವಿಳಾಸಗಳು ಅದರಲ್ಲಿದ್ದವು, ಪ್ರತಿಯೊಂದರ ಮುಂದೆಯೂ ದೊಡ್ಡ ‘ಇ’. ಅವುಗಳಲ್ಲಿ ಒಂದು ಸಂಗ್ರಹವನ್ನು ನೂರಕ್ಕೆ ನೂರು ಇಳಿಸಿಕೊಂಡೂ ಇತ್ತು. ಡಿಎಚ್‌ಟಿಯಲ್ಲಿ ಹರಿದಾಡುವ ಹ್ಯಾಶ್‌ಗಳನ್ನು ಹೆಕ್ಕುತ್ತ ಹೋಗುವ ಯಂತ್ರಗಳು ಜಗತ್ತಿನಲ್ಲಿ ಬೇಕಾದಷ್ಟಿವೆ. ಅವೂ ಎನ್‌ಕ್ರಿಪ್ಷನ್ ಬಲ್ಲ ಪೀರ್‌ಗಳೇ, ಹಾಗಾಗಿ ರಿಕ್ವೈರ್ ಅವನ್ನು ತಡೆಯುವುದಿಲ್ಲ.

ನಾನೂ ಹೊರಗಿನವನಂತೆ ಪರೀಕ್ಷೆ ಮಾಡಿದೆ. ಮನೆಯ ವೈಫೈ ಬಿಟ್ಟು ಮೊಬೈಲ್ ಡೇಟಾದಲ್ಲಿ, ಫೋನಿನ ಲಿಬ್ರೆಟೊರೆಂಟ್‌ಗೆ ಇನ್ಫೊ ಹ್ಯಾಶ್ ಹೊತ್ತ ಮ್ಯಾಗ್ನೆಟ್ ಕೊಂಡಿಯೊಂದನ್ನೇ ಕೊಟ್ಟೆ. ಪಾಸ್‌ವರ್ಡ್ ಕೇಳಲಿಲ್ಲ, ಅನುಮತಿ ಕೇಳಲಿಲ್ಲ. ಕಡತಗಳ ಹೆಸರು ಮೊದಲು ಬಂತು, ಹಿಂದೆಯೇ ಹಾಡುಗಳು ಇಳಿಯತೊಡಗಿದವು. ಕಿಟಕಿಗಳಿಗೆ ಪರದೆ ಹಾಕಿದ ಬಸ್ಸಿನೊಳಗೆ ಯಾರಿದ್ದಾರೆಂದು ರಸ್ತೆಯವರಿಗೆ ಕಾಣದು, ಆದರೆ ನಿಲ್ದಾಣದಲ್ಲಿ ಕೈ ಮಾಡಿದವರೆಲ್ಲ ಹತ್ತಬಹುದು. ಈ ಎನ್‌ಕ್ರಿಪ್ಷನ್ ಅಂಥದು.

ಕ್ಯೂಬಿಟ್‌ಟೊರೆಂಟ್‌ನ ‘ಅನಾನಿಮಸ್ ಮೋಡ್’ ಬಗ್ಗೆಯೂ ಗೆಳೆಯ ಕೇಳಿದ. ಅದು ತಂತ್ರಾಂಶದ ಗುರುತನ್ನು ಮರೆಸುತ್ತದೆ. ನಮ್ಮ ಐಪಿ ವಿಳಾಸ ಪ್ರತಿ ಪೀರ್‌ಗೂ ಕಾಣುತ್ತಲೇ ಇರುತ್ತದೆ.

ಮುಕ್ತವಾಗಿ ಕೊಟ್ಟ ಹಾಡುಗಳನ್ನು ದೂರದ ಯಾರೋ ಇಳಿಸಿಕೊಂಡರೆ ನಮಗೆ ಸಂತೋಷವೇ. ಆ ಪದಗಳು ಹರಡಬೇಕು, ಇನ್ನೊಂದು ಡಿಸ್ಕಿನಲ್ಲಿ ಉಳಿಯಬೇಕು. ಆದರೆ ನಮ್ಮ ಸಂಗ್ರಹದ ಇನ್ನೊಂದು ಭಾಗ ಬೇರೆ ಬಗೆಯದು. ಹಾಡು ಮುಗಿದ ಮೇಲೆ ಹಿರಿಯರು ಕೂತು ಆಡಿದ ಮಾತುಗಳು ಅವು: ಯಾರಿಂದ ಉಪದೇಶ ಪಡೆದರು, ಮನೆಯಲ್ಲಿ ಏನೇನು ಕಷ್ಟ ಬಂತು, ಯಾವ ಜಗಳದಿಂದ ಮೇಳ ಒಡೆಯಿತು. “ಇದು ನಿಮ್ಮ ಮೂವರಲ್ಲೇ ಇರಲಿ” ಎಂದು ಕೈ ಹಿಡಿದು ಹೇಳಿದವರಿದ್ದಾರೆ. ಆ ಮಾತಿಗೆ ನಾವು ಬದ್ಧರು. ಮೊದಲ ಪ್ರಯೋಗಕ್ಕೆ ಮುಕ್ತ ಹಾಡುಗಳನ್ನಷ್ಟೇ ಇಟ್ಟುಕೊಂಡದ್ದು ಈ ಎಚ್ಚರದಿಂದಲೇ.

ಹಂತ 6: ಬೀಗ ಹಾಕಬೇಕಾದ ಜಾಗ

ಸಂಪರ್ಕಕ್ಕೆ ಹಾಕಿದ ಮುಸುಕು ಪೀರ್‌ನ ಬಳಿ ಕಳಚುತ್ತದೆ. ಹಾಗಾದರೆ ಬೀಗ ಕಡತಕ್ಕೇ ಬೀಳಬೇಕು, ಅದೂ ಟೊರೆಂಟ್ ತಯಾರಿಸುವ ಮುಂಚೆ. ನಾವು ಮಾಡಿದ್ದು ಹೀಗೆ.

ವೇವ್ ಕಡತಗಳನ್ನು ಫ್ಲ್ಯಾಕ್‌ಗೆ ತಂದೆವು. ಒಂದು ಕೂಟದ ಮಾತುಕತೆಗೆ ಒಂದು ಕಟ್ಟಿನಂತೆ 7-ಜಿಪ್‌ನಲ್ಲಿ ಕಟ್ಟಿದೆವು. ಫ್ಲ್ಯಾಕ್ ಮತ್ತೆ ಕುಗ್ಗುವುದಿಲ್ಲ, ಆದ್ದರಿಂದ ಒತ್ತಡದ ಮಟ್ಟ ‘ಸ್ಟೋರ್’. ಇದರಿಂದ ಸಮಯ ಬಹಳ ಉಳಿಯುತ್ತದೆ. ಸ್ವರೂಪ ‘7ಝಡ್’ ಆಗಿರಬೇಕು. ಅದರಲ್ಲಿ ಎಇಎಸ್-256 ಎಂಬ ಬಲವಾದ ಎನ್‌ಕ್ರಿಪ್ಷನ್ ಇದೆ, ಜೊತೆಗೆ ‘ಎನ್‌ಕ್ರಿಪ್ಟ್ ಫೈಲ್ ನೇಮ್ಸ್’ ಎಂಬ ಚೌಕವೂ ಇದೆ. ಜಿಪ್ ಸ್ವರೂಪ ಆಯ್ದರೆ ಆ ಚೌಕ ಸಿಗುವುದಿಲ್ಲ. ಒಳಗಿನ ಕಡತಗಳ ಹೆಸರು ಪಾಸ್‌ವರ್ಡ್ ಇಲ್ಲದವರಿಗೂ ಕಾಣುತ್ತವೆ. ನಮ್ಮ ಕಡತಗಳಿಗೆ ಹಿರಿಯರ ಹೆಸರು, ಊರು, ದಿನಾಂಕವನ್ನೇ ಇಟ್ಟಿರುತ್ತೇವೆ. ಮಾತನ್ನು ಮುಚ್ಚಿ ಹೆಸರನ್ನು ಬಯಲಿಗಿಟ್ಟರೆ ಕೊಟ್ಟ ಮಾತು ಅರ್ಧವೇ ಉಳಿದಂತಾಗುತ್ತದೆ.

ಹೊರಗಿನ ಕಟ್ಟಿಗೆ ಕ್ರಮಸಂಖ್ಯೆಯೊಂದನ್ನೇ ಹೆಸರಾಗಿಟ್ಟೆವು, ಏಕೆಂದರೆ ಟೊರೆಂಟ್ ಕಡತದೊಳಗೆ ಕಟ್ಟಿನ ಹೆಸರು ತೆರೆದೇ ಕೂರುತ್ತದೆ. ಟಿಪ್ಪಣಿಯ ಜಾಗ ಖಾಲಿ ಬಿಟ್ಟೆವು. ಯಾವ ಸಂಖ್ಯೆ ಯಾವ ಕೂಟದ್ದು ಎಂಬ ಪಟ್ಟಿ ಮಾಸ್ತರರ ನೋಟ್‌ಬುಕ್‌ನಲ್ಲಿ ಕೈಬರಹದಲ್ಲಿದೆ.

ಪಾಸ್‌ವರ್ಡ್‌ನಲ್ಲಿ ಎದುರಾದ ಅಡಚಣೆ ಕನ್ನಡದಲ್ಲಿ ಬರೆಯುವ ಎಲ್ಲರಿಗೂ ಗೊತ್ತಿರಬೇಕಾದದ್ದು. ಮೊದಲು ಆರು ಕನ್ನಡ ಪದಗಳನ್ನು ಕನ್ನಡ ಲಿಪಿಯಲ್ಲೇ ಪಾಸ್‌ವರ್ಡ್ ಮಾಡಿದೆವು. ಕಲಬುರಗಿಯಲ್ಲಿ ತೆರೆದ ಕಟ್ಟು ಯಾದಗಿರಿಯಲ್ಲಿ ತೆರೆಯಲಿಲ್ಲ. ಅಕ್ಷರ ಅಕ್ಷರವಾಗಿ ಹೋಲಿಸಿದರೂ ಕಣ್ಣಿಗೆ ವ್ಯತ್ಯಾಸವಿಲ್ಲ. ಎರಡೂ ಕಡೆಯ ಪಠ್ಯವನ್ನು ಬೈಟ್‌ಗಳಾಗಿ ಬಿಡಿಸಿದಾಗ ಕಾರಣ ಸಿಕ್ಕಿತು: ಅರ್ಧಾಕ್ಷರದ ನಂತರ ಒತ್ತು ಬೀಳದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಯುನಿಕೋಡ್ ಅಕ್ಷರ ನನ್ನ ಕೀಲಿಮಣೆಯಲ್ಲಿ ಸೇರಿತ್ತು, ಅವರದರಲ್ಲಿ ಬೇರೆ ಜಾಗದಲ್ಲಿತ್ತು. ಪರದೆಯ ಮೇಲೆ ಒಂದೇ ಪದ, ಯಂತ್ರಕ್ಕೆ ಎರಡು. ಈಗ ಅದೇ ಕನ್ನಡ ಪದಗಳನ್ನು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ, ನಡುವೆ ಅಡ್ಡಗೆರೆ ಇಟ್ಟು ಬರೆಯುತ್ತೇವೆ. ಪದಗಳನ್ನು ಫೋನಿನಲ್ಲಿ ಬಾಯಿಮಾತಿನಲ್ಲೇ ಹೇಳಿದ್ದು, ಸಂದೇಶದಲ್ಲಿ ಬರೆದಿಲ್ಲ.

ಎರಡು ಮಿತಿಗಳನ್ನು ಬರೆದಿಡಬೇಕು. ಒಮ್ಮೆ ಹರಡಿದ ಕಟ್ಟಿನ ಪಾಸ್‌ವರ್ಡ್ ಬದಲಿಸಲು ಆಗದು; ಬದಲಿಸಿದರೆ ಅದು ಬೇರೆ ಹ್ಯಾಶ್‌ನ ಹೊಸ ಕಟ್ಟು, ಹಳೆಯದು ಇಳಿಸಿಕೊಂಡವರ ಬಳಿ ಹಾಗೆಯೇ ಇರುತ್ತದೆ. ಕಟ್ಟಿಗೆ ಒಂದು ಕಡತ ಸೇರಿಸಿದರೂ ಹೊಸ ಟೊರೆಂಟ್ ಮಾಡಬೇಕಾಗುತ್ತದೆ. ಎಲ್ಲವನ್ನೂ ಒಂದೇ ದೊಡ್ಡ ಕಟ್ಟು ಮಾಡದೆ ಕೂಟಕ್ಕೊಂದರಂತೆ ಬಿಡಿಸಿದ್ದು ಅದಕ್ಕೇ.

ಮತ್ತೆ ಹೊರಗಿನವನ ಪರೀಕ್ಷೆ: ಫೋನಿನಲ್ಲಿ ಮ್ಯಾಗ್ನೆಟ್ ಕೊಟ್ಟೆ, ಕಟ್ಟು ಪೂರ್ತಿ ಇಳಿಯಿತು, ತೆರೆಯಲು ಹೋದಾಗ ಪಾಸ್‌ವರ್ಡ್ ಕೇಳಿತು. ಹೆಸರಿನ ಜಾಗದಲ್ಲಿ ಸಂಖ್ಯೆ ಬಿಟ್ಟು ಬೇರೇನೂ ಕಾಣಲಿಲ್ಲ.

ಹಂತ 7: ನಡೆಯುತ್ತಿರುವ ಕೆಲಸ

ಡಿಎಚ್‌ಟಿಯಲ್ಲಿ ಹ್ಯಾಶ್ ತೆರೆದೇ ಓಡಾಡುವುದು, ಬೀಗ ಹಾಕಿದ ಕಟ್ಟಾದರೂ ಅಪರಿಚಿತರ ಕೈ ಸೇರುವುದು ನನಗೆ ಸಮಾಧಾನ ತಂದಿಲ್ಲ. ಹಾಗಾಗಿ ಮಾತುಕತೆಯ ಕಟ್ಟುಗಳಿಗೆ ಮಾತ್ರ ವೈರ್‌ಗಾರ್ಡ್ ಸುರಂಗ (ಯಂತ್ರಗಳ ನಡುವಿನ ಮುಚ್ಚಿದ ಖಾಸಗಿ ದಾರಿ, ವಿಪಿಎನ್) ಹಾಕುತ್ತಿದ್ದೇವೆ. ಸಾರ್ವಜನಿಕ ವಿಳಾಸವಿರುವ ಬೀದರ್ ನಡುಮನೆ. ಅಲ್ಲಿನ ರೌಟರ್‌ನಲ್ಲಿ ಯುಡಿಪಿ 51820 ಪೋರ್ಟ್ ತೆರೆದಿದ್ದೇವೆ. ಸುರಂಗದೊಳಗೆ ಬೀದರಿನ ವಿಳಾಸ 10.8.0.1, ಕಲಬುರಗಿಯದು 10.8.0.2. ಕ್ಯೂಬಿಟ್‌ಟೊರೆಂಟ್‌ನ ಅಡ್ವಾನ್ಸ್ಡ್ ಪುಟದಲ್ಲಿ ಒಳಟ್ರ್ಯಾಕರ್ ಸೌಲಭ್ಯವಿದೆ, ಅದು 9000 ಪೋರ್ಟ್‌ನಲ್ಲಿ ಓಡುತ್ತದೆ. ಆ ಪೋರ್ಟನ್ನು ರೌಟರ್‌ನಲ್ಲಿ ತೆರೆದಿಲ್ಲ. ಸುರಂಗದಲ್ಲಿ ಇರುವವರಿಗಷ್ಟೇ ಅದು ಸಿಗುತ್ತದೆ. ಟೊರೆಂಟ್ ತಯಾರಿಸುವಾಗ ‘ಪ್ರೈವೇಟ್’ ಗುರುತು ಹಾಕಿದರೆ ಆ ಟೊರೆಂಟ್‌ನ ಮಟ್ಟಿಗೆ ಡಿಎಚ್‌ಟಿಯೂ ಪೀರ್‌ಗಳು ಒಂದಕ್ಕೊಂದು ಇತರರ ವಿಳಾಸ ಹೇಳುವ ಪೀರ್ ವಿನಿಮಯವೂ ನಿಲ್ಲುತ್ತವೆ.

ಕಲಬುರಗಿ ಮತ್ತು ಬೀದರಿನ ನಡುವೆ ಇದು ಓಡುತ್ತಿದೆ. ಟಿಸಿಪಿಡಂಪ್‌ನಲ್ಲಿ ಈ ಕಟ್ಟಿನ ಹ್ಯಾಶ್ ಎಲ್ಲೂ ಕಾಣುವುದಿಲ್ಲ. 51820ಕ್ಕೆ ಹೋಗುವ ಯುಡಿಪಿ ಪ್ಯಾಕೆಟ್‌ಗಳಷ್ಟೇ ಕಾಣುತ್ತವೆ. ಸುರಂಗದೊಳಗೆ ಟೊರೆಂಟ್‌ನ ಎನ್‌ಕ್ರಿಪ್ಷನ್ ಅಗತ್ಯವಿಲ್ಲ, ಆದರೂ ಮುಕ್ತ ಹಾಡುಗಳು ಅದೇ ತಂತ್ರಾಂಶದಲ್ಲಿ ಇರುವುದರಿಂದ ಹಾಗೆಯೇ ಬಿಟ್ಟಿದ್ದೇವೆ. ಈಗಿನ ಮೌಲ್ಯಗಳು: ಕಲಬುರಗಿ 1, ಬೀದರ್ ಅಲೌ, ಯಾದಗಿರಿ ಎರಡೂ ಪೆಟ್ಟಿಗೆ ಎನೇಬಲ್ಡ್ ಮತ್ತು ಫುಲ್ ಸ್ಟ್ರೀಮ್. ಕಡ್ಡಾಯ ತೆಗೆದದ್ದು ಬೇಕೆಂದೇ: ಮುಕ್ತ ಹಾಡು ಬಯಸಿ ಹಳೆಯ ತಂತ್ರಾಂಶದಿಂದ ಬರುವವರನ್ನು ಬಾಗಿಲಲ್ಲಿ ತಡೆಯುವುದು ನಮಗೆ ಬೇಡ, ಮುಚ್ಚಬೇಕಾದದ್ದು ಈಗ ಬೇರೆ ದಾರಿಯಲ್ಲಿ ಹೋಗುತ್ತಿದೆ.

ಯಾದಗಿರಿಯ ಕೀಲಿಯನ್ನು ಬೀದರಿನ ವೈರ್‌ಗಾರ್ಡ್‌ಗೆ ಸೇರಿಸುವುದು ಬಾಕಿ. ಬೀದರಿನ ವಿಂಡೋಸ್ ಯಂತ್ರದಲ್ಲಿ ಐಪಿ ಫಾರ್ವರ್ಡಿಂಗ್ (ಒಬ್ಬರ ಪ್ಯಾಕೆಟ್ ಇನ್ನೊಬ್ಬರಿಗೆ ದಾಟಿಸುವುದು) ಮೊದಲಿಗೆ ನಿಂತೇ ಇರುತ್ತದೆ, ಆದ್ದರಿಂದ ಯಾದಗಿರಿ ಸೇರಿದರೂ ಕಲಬುರಗಿಯೊಂದಿಗೆ ನೇರ ಮಾತಿಲ್ಲ. ತುಂಡುಗಳು ಬೀದರಿನಲ್ಲಿ ತಂಗಿ ಮುಂದೆ ಸಾಗುತ್ತವೆ. ಗೆಳೆಯ ಅದನ್ನು ಬದಲಿಸಲು ಸಿದ್ಧನಿದ್ದಾನೆ, ಮಾಸ್ತರರು ತಮ್ಮ ಸಾರ್ವಜನಿಕ ಕೀಲಿಯ 44 ಅಕ್ಷರಗಳನ್ನು ಫೋನಿನಲ್ಲಿ ಓದಿ ಹೇಳುವುದಾಗಿ ತಿಳಿಸಿದ್ದಾರೆ. ಇದು ಗುಟ್ಟಿನ ಕೀಲಿಯಲ್ಲ, ಸಂದೇಶದಲ್ಲೇ ಕಳುಹಿಸಬಹುದು ಎಂದು ಅವರಿಗೆ ಹೇಳಿದ್ದೇನೆ.